ಲ್ಯಾಪ್‌ಟಾಪಿಗೆ ಹವಾ ಹೊಡೆದದ್ದು

ಕಂಪ್ರೆಸರಿನ ಹವಾದ ಪೈಪು ಕೈಗೆ ಸಿಕ್ಕಿತೆಂದರೆ ನನಗೆ ಜಗತ್ತೆಲ್ಲ ಧೂಳು ತುಂಬಿದಂತೆ ಕಾಣುತ್ತದೆ. ಇದು ನನ್ನ ದುರ್ಗುಣ, ಒಪ್ಪಿಕೊಳ್ಳುತ್ತೇನೆ. ಉದ್ಯಮಬಾಗದ ಸಣ್ಣ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ನಾನು. ಲೇಥಿಗೆ ಹವಾ ಹೊಡೆಯುತ್ತೇನೆ, ಚಪ್ಪಲಿಗೂ ಹೊಡೆಯುತ್ತೇನೆ, ಊಟದ ಡಬ್ಬಿಯನ್ನೂ ಬಿಡುವುದಿಲ್ಲ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನಿಗೆ ಇಷ್ಟಾದರೂ ವಿದ್ಯೆ ಬೇಡವೇ?

ಖಂಡೇನವಮಿಗೆ ಅನ್ನ ಕೊಡುವ ಸಾಮಾನನ್ನೆಲ್ಲ ಸ್ವಚ್ಛ ಮಾಡಿ ಪೂಜಿಸುತ್ತೇವೆ. ಹಬ್ಬಕ್ಕೆ ಬಂದಿದ್ದ ತಂಗಿ ಸುಮಿಗೆ ಅನ್ನ ಕೊಡುವುದು ಅವಳ ಲ್ಯಾಪ್‌ಟಾಪು. ಖಾನಾಪುರದಲ್ಲಿ ತಾಲೂಕು ಕಚೇರಿಯ ಎದುರಿಗೆ ಕುಳಿತು ಜನರಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಅರ್ಜಿ ಟೈಪ್ ಮಾಡಿಕೊಡುತ್ತಾಳೆ. ಅವಳು ಹೂರಣ ರುಬ್ಬುತ್ತಿದ್ದಳು. ಅವಳ ಯಂತ್ರಕ್ಕೆ ಮಾತ್ರ ಯಾಕೆ ಅನ್ಯಾಯ ಎಂದುಕೊಂಡು, ಕೇಳದೆಯೇ ಕಾರ್ಖಾನೆಗೆ ಒಯ್ದು ಪೂರಾ ಹವಾ ಬಿಟ್ಟೆ. ಕೀಗಳು ಜೋಳದ ಅಳ್ಳಿನಂತೆ ಸಿಡಿದು ಹಾರಿದವು. ಆರಿಸಿ ತಂದು ಹಚ್ಚಿದರೆ ಕೂರಲಿಲ್ಲ. ಕೆಳಗಿನ ಸಣ್ಣ ಕೊಂಡಿಗಳೇ ಮುರಿದಿದ್ದವು.

"ಹಳೇದಾಗಿತ್ತಲ್ಲಾ, ತಾವಽ ಉದುರಿದುವು" ಎಂದೆ ಮನೆಗೆ ಬಂದು.

ಸುಮಿ ಕೀಗಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಹವಾ ಹೊಡದಿ ಏನ?"

"ಸ್ವಲ್ಪ."

"ಅಣ್ಣಾ, ನಾಡದ್ದ ಅರ್ಜಿ ಕೊಡೂ ಕಡೀ ದಿನ ಐತಿ. ಜಾಂಬೋಟಿಯಿಂದ ಮಂದಿ ಬರ್ತಾರ. ನಾ ಅವರಿಗೆ ಏನ ಹೇಳ್ಲಿ? ಕುಂಕುಮ ಹಚ್ಚಿ ಕೈ ಮುಗದಿದ್ದರ ಸಾಲತಿರಲಿಲ್ಲೇನು?"

ಮುರಿದದ್ದಕ್ಕಿಂತ ಆ ಸುಳ್ಳೇ ನನ್ನನ್ನು ಹೆಚ್ಚು ಚುಚ್ಚಿತು. ಟಿಳಕವಾಡಿಯ ಅಂಗಡಿಗೆ ಓಡಿದೆ. ಕೀಬೋರ್ಡ್ ಸಿಕ್ಕಿತು. ಆದರೆ ಪೂಜೆಗಿಟ್ಟ ತಮ್ಮ ಸಾಮಾನನ್ನು ಹಬ್ಬ ಮುಗಿಯುವವರೆಗೆ ಮುಟ್ಟುವುದಿಲ್ಲ, ಕೂರಿಸಿಕೊಡುವುದು ಆಮೇಲೆ ಎಂದರು ಅಂಗಡಿಯವರು. ನನ್ನ ಸ್ಕ್ರೂಡ್ರೈವರೂ ಮನೆಯ ದೇವರ ಜಗಲಿಯ ಮೇಲೆ ಕುಂಕುಮ ಹಚ್ಚಿಕೊಂಡು ಕುಳಿತಿತ್ತು. ದೇವರ ಕ್ಷಮೆ ಕೇಳಿ ಎತ್ತಿಕೊಂಡೆ. ತಂಗಿಯ ಕ್ಷಮೆ ಕೇಳುವುದು ಅಷ್ಟು ಸಲೀಸಾಗಿರಲಿಲ್ಲ.

ಬ್ಯಾಟರಿ ತೆಗೆದು, ಹಿಂದಿನ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಾಟಿನಲ್ಲಿಟ್ಟೆ. ಹಳೆಯ ಕೀಬೋರ್ಡ್ ಎತ್ತಿದರೆ, ಕಾಗದದಷ್ಟು ತೆಳ್ಳಗಿನ ಪಟ್ಟಿಯೊಂದು ಅದನ್ನು ಒಳಗೆ ಹಿಡಿದುಕೊಂಡಿತ್ತು. ಎಳೆದೆ. ಬರಲಿಲ್ಲ. ಇನ್ನಷ್ಟು ಜೋರು ಹಾಕಲು ತೋಳು ಏರಿಸಿದೆ.

"ತಡಿ" ಎಂದು ಸುಮಿ ಬಾಗಿ, ಪಟ್ಟಿಯ ಬುಡದಲ್ಲಿದ್ದ ಕರಿ ಚಿಲಕವನ್ನು ಉಗುರಿನ ತುದಿಯಿಂದ ಎತ್ತಿದಳು. ಪಟ್ಟಿ ತಾನಾಗಿ ಹೊರಬಂತು. "ಫ್ಯಾಕ್ಟರ್ಯಾಗ ಎಲ್ಲಾ ಹಿಂಗಽ ಕಿತ್ತ ತಗೀತಿಯೇನು?"

"ಅಲ್ಲೆ ಎಲ್ಲಾ ಕಬ್ಬಿಣ ಇರತೈತಿ."

"ಇಲ್ಲೆ ನಾ ಇರ್ತೀನಿ."

ಇಬ್ಬರಿಗೂ ನಗು ಬಂತು. ನಗುವಿನ ನಡುವೆಯೇ ಸುಳ್ಳಾಡಿದ್ದು ತಪ್ಪೆಂದು ಹೇಳಿಬಿಟ್ಟೆ. ಹೊಸ ಕೀಬೋರ್ಡ್ ಕೂರಿಸಿಯಾದ ಮೇಲೆ ಅವಳು ಅದರ ಮೇಲೆ ಪಟಪಟನೆ ಬೆರಳಾಡಿಸಿದಳು. ಎಲ್ಲ ಅಕ್ಷರವೂ ಮೂಡಿತು. ಹೋಳಿಗೆ ಬಡಿಸಿದಳು, ತುಪ್ಪ ಮಾತ್ರ ಕಡಿಮೆ ಹಾಕಿದಳು.

ಅವಳು ಹೊರಟ ಮುಂಜಾನೆ ಖಾನಾಪುರದ ಬಸ್ಸಿಗೆ ಗದ್ದಲವೋ ಗದ್ದಲ. ಸೀಟು ಹಿಡಿಯಲು ನುಗ್ಗುವ ಮೊದಲು ಸುಮಿ ಲ್ಯಾಪ್‌ಟಾಪಿನ ಚೀಲವನ್ನು ನನ್ನ ಎದೆಗೆ ಒತ್ತಿ, "ಹಿಡಕೊ, ಖಿಡಕ್ಯಾಗಿಂದ ಕೊಡು" ಎಂದಳು. ಬಾಜು ಅವಳ ಗುರುತಿನ ಹೆಣ್ಣುಮಗಳೊಬ್ಬಳು ನಿಂತಿದ್ದಳು, ಅವಳಿಗೇ ಕೊಡಬಹುದಿತ್ತು. ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಮನೆಯಲ್ಲಿಲ್ಲ. ಮುರಿದವನ ಕೈಗೇ ಮತ್ತೆ ಸಾಮಾನು ಕೊಡುತ್ತಾರೆ.