ತೋಳ ತೋರಿಸುವ ಕೂಲಿ

ಮೊನ್ನೆ ರೋಣದಿಂದ ಗಜೇಂದ್ರಗಡಕ್ಕೆ ಹೊರಟ ನಮ್ಮ ಬಸ್ಸನ್ನು ಕುರಿಹಿಂಡೊಂದು ತಡೆದು ನಿಲ್ಲಿಸಿತು. ಕಿಟಕಿಯಿಂದ ಒದ್ದೆ ಉಣ್ಣೆಯ ವಾಸನೆ ನುಗ್ಗಿದ್ದೇ ತಡ, ಹಳೆಯದೊಂದು ಗವಿ ನೆನಪಾಯಿತು. ಪಕ್ಕದಲ್ಲಿದ್ದ ಧಾರವಾಡದ ದಂಪತಿ ಮೂಗು ಮುಚ್ಚಿಕೊಂಡರು. ಗುಡ್ಡದ ತೋಳ ನೋಡಲು ಬಂದವರು. ತೋರಿಸುವವನ ದರ ಇಳಿಸಿಕೊಡಲೆಂದು, ಚೌಕಾಸಿಯಲ್ಲಿ ನನ್ನ ಹಳೆಯ ಖ್ಯಾತಿ ಕೇಳಿ, ಜೊತೆಗೆ ಎಳೆದುಕೊಂಡಿದ್ದರು.

ಖ್ಯಾತಿ ಸಣ್ಣದಲ್ಲ. ನರಗುಂದದ ಸಂತೆಯಲ್ಲಿ ನನ್ನನ್ನು ಕಂಡರೆ ಬದನೆಕಾಯಿಯವರು ಬುಟ್ಟಿಗೆ ಅರಿವೆ ಮುಚ್ಚುತ್ತಿದ್ದರು. ಇದನ್ನು ನಂಬಿಯೇ ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ನನ್ನ ಭಾವಮೈದುನ ಫಿರಂಗಿಯಂಥ ಕ್ಯಾಮೆರಾ ಹೊತ್ತು ಬಂದಿದ್ದ. ಗುಡ್ಡದ ಕುರಿಗಾರ ಹನಮಪ್ಪನ ಮುಂದೆ ಅವನನ್ನು ನಿಲ್ಲಿಸಿದೆ.

"ಎರಡು ಸಾವಿರ ಆಗತೈತ್ರಿ," ಎಂದ ಹನಮಪ್ಪ.

ನ್ಯಾಯಾಧೀಶನ ಗಾಂಭೀರ್ಯದಿಂದ ಕನ್ನಡಕ ತೆಗೆದೆ. "ಯಪ್ಪಾ, ತೋಳೇನು ನೀ ಸಾಕೀಯೇನು?"

"ಮತ್ಯಾರು ಸಾಕ್ಯಾರ್ರಿ? ನಮ್ಮ ಕುರಿ ತಿಂದ ಬದುಕತೈತಿ."

ತಮಾಷೆಯೆಂದು ನಕ್ಕೆವು. ಐನೂರಕ್ಕೆ ಇಳಿಸಿದೆ.

ಹನಮಪ್ಪ ತೋರಿಸಿದ ಗವಿಯ ಬಾಯಲ್ಲಿ ನಾಲ್ಕು ಮರಿಗಳು ತಾಯಿಯ ಬಾಲ ಜಗ್ಗುತ್ತಿದ್ದವು. ಭಾವಮೈದುನ ಉಸಿರಾಡುವುದನ್ನೇ ಮರೆತ. ಉಳಿದ ದುಡ್ಡಿನಲ್ಲಿ ಖಾನಾವಳಿಯಲ್ಲಿ ಊಟವಾಯಿತು. ವಿಜಯೋತ್ಸವವೆಂದು ನಾನು ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ವಾರ ಬಿಟ್ಟು ಮತ್ತೆ ಹೋದೆವು. ಗವಿಯ ಬಾಯಿಗೆ ಕಲ್ಲು ಒಟ್ಟಿದ್ದರು. ಕಲ್ಲಿಗೆಲ್ಲ ಮಸಿ.

"ಏನಾತೋ ಹನಮಪ್ಪ?"

"ಹೊಗಿ ಹಾಕಿ ಮುಚ್ಚಿದರ್ರಿ. ಮರಿ ಒಳಗ ಅದಾವು."

"ಯಾರೋ?"

"ನಮ್ಮವರ, ಕುರಿಗಾರರ. ತೋಳ ಇಬ್ಬರ ಕುರಿ ಎಳದಿತ್ತು. 'ನೋಡಾಕ ಬಂದವರ ರೊಕ್ಕ ನಿಮಗ ಕೊಡತೀನಿ, ಹೊಗಿ ಹಾಕಬ್ಯಾಡ್ರಿ' ಅಂತ ಅವರನ್ನ ತಡದಿದ್ನಿ. ಐನೂರು ಒಯ್ದು ಕೊಟ್ನಿ. 'ಇದು ಕುರಿ ಕಿವಿಗೆ ಬರತೈತೋ, ಬಾಲಕ್ಕ ಬರತೈತೋ' ಅಂತ ನಕ್ರು."

"ಅವತ್ತ ಹೇಳಬಾರದಿತ್ತೇನೋ!"

"ಎಷ್ಟ ಕಡಿಮಿ ಮಾಡ್ತಿ ಅಂತ ಕೇಳಿದ್ರಿ. ಯಾಕ ಅಷ್ಟು ಅಂತ ಕೇಳಲೇ ಇಲ್ಲಲ್ರಿ."

ನ್ಯಾಯಾಧೀಶರು ಕನ್ನಡಕ ಹಾಕಿಕೊಂಡು ಗುಡ್ಡ ಇಳಿದರು.

ಕುರಿಗಳು ದಾಟಿದವು, ಬಸ್ಸು ಗಜೇಂದ್ರಗಡ ಮುಟ್ಟಿತು. ಗುಡ್ಡದ ಬುಡದಲ್ಲಿ ಹನಮಪ್ಪ ಕಾಯುತ್ತಿದ್ದ, ಗಡ್ಡ ಬೆಳ್ಳಗಾಗಿತ್ತು.

"ಗುಡ್ಡದ ಆಚೀ ಮಗ್ಗಲಕ್ಕ ಹೊಸಾ ತೋಳದ ಜೋಡಿ ಬಂದೈತ್ರಿ. ಮೂರು ಸಾವಿರ."

ದಂಪತಿ ನನ್ನ ಮುಖ ನೋಡಿದರು. ಹೆಂಡತಿ ನನ್ನನ್ನು ಮೊಣಕೈಯಿಂದ ತಿವಿದಳು ಕೂಡ.

"ಯಾಕೋ ಹನಮಪ್ಪ, ಅಷ್ಟು?" ಎಂದೆ.

ಅವನು ಹೆಗಲಿನ ಕಂಬಳಿ ತೆಗೆದು ಬಂಡೆಯ ಮೇಲೆ ಹಾಸಿ, "ಕುಂದರ್ರಿ, ಹೇಳತೀನಿ," ಎಂದ.

ಗಂಡ ಗಡಿಯಾರ ನೋಡಿಕೊಂಡ. ನಾನು ಕುಳಿತೆ.