ಕಿರಣ ಮೀನು ಮತ್ತು ಜಗಳಗಂಟಿ

ತೊಂಬತ್ತರ ದಶಕದಲ್ಲಿ ನಾನು ವಾಡಿಯ ಕನ್ನಡ ಶಾಲೆಯೊಂದರಲ್ಲಿ ಹಂಗಾಮಿ ವಿಜ್ಞಾನ ಮಾಸ್ತರನಾಗಿದ್ದೆ. ಪ್ರತಿ ಬೇಸಿಗೆಗೂ ನೌಕರಿ ಮುಗಿಯುತ್ತಿತ್ತು. ಜೂನಿಗೆ ಮತ್ತೆ ಕರೆಯುವುದು ಬಿಡುವುದು ಮುಖ್ಯೋಪಾಧ್ಯಾಯಿನಿಯವರ ಮರ್ಜಿ. ಅವರನ್ನು ಮೆಚ್ಚಿಸಲೆಂದು ಒಂದು ಮಾರ್ಚ್‌ನಲ್ಲಿ ಗೋಡೆಪತ್ರಿಕೆಗೆ ಲೇಖನ ಬರೆದೆ. ಇಲ್ಲದ ಉಸಾಬರಿ!

ಶಹಾಬಾದಿನ ರದ್ದಿ ಅಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಪತ್ರಿಕೆಯಲ್ಲಿ ಅಳಿವಿನ ಅಂಚಿನ ಎರಡು ಜೀವಿಗಳ ಹೋಲಿಕೆಯಿತ್ತು. ಒಂದು ‘ರೇ’, ಇನ್ನೊಂದು ‘ಶ್ರೂ’. ನನ್ನ ಇಂಗ್ಲಿಷ್ ನನ್ನ ನಿಘಂಟಿನಷ್ಟೇ ಅಗಲ, ನಿಘಂಟೋ ಅಂಗೈಯಗಲ. ಅದು ಮೊದಲನೆಯದಕ್ಕೆ ‘ಕಿರಣ’ ಎಂದಿತು, ಎರಡನೆಯದಕ್ಕೆ ‘ಜಗಳಗಂಟಿ ಹೆಂಗಸು’. ಹೆಂಗಸನ್ನು ಬಿಟ್ಟು ಜಗಳಗಂಟಿಯನ್ನು ಉಳಿಸಿಕೊಂಡೆ. ಪ್ರಾಣಿಗಳೂ ಜಗಳಾಡುತ್ತವಲ್ಲ!

“ಕಿರಣ ಮೀನು ಸಮುದ್ರದ ತಳದಲ್ಲಿ ತೆಪ್ಪಗೆ ಮಲಗಿರುತ್ತದೆ. ಜಗಳಗಂಟಿಗೆ ಒಂದು ಗಳಿಗೆ ಸುಮ್ಮನಿರಲಾಗದು. ಅದಕ್ಕೆ ಮೂಗು ಉದ್ದ, ಕಣ್ಣು ಮಂದ. ತಾಸಿಗೊಮ್ಮೆ ತಿನ್ನದಿದ್ದರೆ ಬದುಕದು. ಎರಡೂ ನಶಿಸುತ್ತಿವೆ” ಎಂದು ಬರೆದು, ಪಕ್ಕದಲ್ಲಿ ಚಿತ್ರಗಳನ್ನೂ ಬಿಡಿಸಿದೆ.

ನಮ್ಮ ಮುಖ್ಯೋಪಾಧ್ಯಾಯಿನಿಗೆ ಮೂಗು ಉದ್ದ, ಕನ್ನಡಕ ದಪ್ಪ. ಸಕ್ಕರೆ ಕಾಯಿಲೆಯೆಂದು ತಾಸಿಗೊಮ್ಮೆ ಡ್ರಾಯರಿನಿಂದ ಚುರುಮುರಿ ತೆಗೆದು ತಿನ್ನುತ್ತಿದ್ದರು. ಆಣೆ ಮಾಡಿ ಹೇಳುತ್ತೇನೆ, ಬರೆಯುವಾಗ ಇದು ನನಗೆ ಹೊಳೆದಿರಲಿಲ್ಲ. ಶಾಲೆಯ ಹುಡುಗಿಯರಿಗೆ ಹೊಳೆಯಿತು. ಗೋಡೆಯ ಮುಂದೆ ಕಿಸಿಕಿಸಿ ಶುರುವಾಯಿತು.

ಮಧ್ಯಾಹ್ನ ಮೇಡಂ ಅವರೇ ಬಂದು ಎರಡು ಸಲ ಓದಿದರು.

“ಈ ಜಗಳಗಂಟಿ ಯಾರ್ರಿ ಸರ?”

ಜೂನಿನ ನೌಕರಿ ಹೋಯಿತೆಂದೇ ತಿಳಿದೆ. “ಪ್ರಾಣಿರಿ ಮೇಡಂ... ಕಾಡಿನ್ಯಾಗ ಇರ್ತದ್ರಿ” ಎಂದು ತೊದಲಿದೆ.

ಕಸ ಗುಡಿಸುತ್ತಿದ್ದ ನಮ್ಮ ಶಾಲೆಯ ಆಯಾ ಚಿತ್ರವನ್ನು ಬಗ್ಗಿ ನೋಡಿದಳು. “ಯಾ ಅಲ್ಲಾ! ಇದು ಸೊಂಡಿಲಿ ಅಲ್ರಿ? ಇದು ಕಡಿಮಿ ಆಗ್ಯದಂತ? ನಮ್ಮ ಅಡಗಿಮನಿಗಿ ಬರ್ರಿ ಸರ, ಬೇಕಾದಷ್ಟು ಹಿಡ್ಕೊಂಡು ಹೋಗ್ರಿ. ಮತ್ತ ಈ ಬಾಲ ಇದ್ದ ರೊಟ್ಟಿ ಏನ್ರಿ?”

ಮೇಡಂ ನಗಲಿಲ್ಲ. ಕೆಂಪು ಪೆನ್ನಿನಿಂದ ಜಗಳಗಂಟಿಯನ್ನು ಹೊಡೆದು ‘ಸೊಂಡಿಲಿ’ ಎಂದು ಬರೆದರು. ಹಿಂದೆ ಕಾರವಾರದಲ್ಲಿ ಕೆಲಸ ಮಾಡಿದ್ದವರು, ‘ಕಿರಣ ಮೀನ’ನ್ನೂ ಹೊಡೆದು ‘ತೊರಕೆ ಮೀನು’ ಎಂದು ತಿದ್ದಿದರು. ‘ಎರಡೂ ನಶಿಸುತ್ತಿವೆ’ ಎಂಬಲ್ಲಿ ಪೆನ್ನು ನಿಂತಿತು.

“ಎರಡಲ್ರಿ ಸರ, ಮೂರು” ಎಂದರು. “ಮೂರನೇದಕ್ಕ ಜೂನಿಗಿ ಶಾಲಿಗಿ ಬಾ ಅಂತ ಹೇಳ್ರಿ. ಡಿಕ್ಷನರಿ ಮನ್ಯಾಗ ಇಟ್ಟು ಬರ್ಲಿ.”