ಪ್ಯಾನೆಲ್ ಮೇಲಿನ ಭಂಡಾರ

ಹಗಲು ಕರೆಂಟ್ ಕೈಕೊಟ್ಟಾಗ ಇರಲಿ ಎಂದು ರನ್ನ ಬೆಳಗಲಿಯ ಲಕ್ಕವ್ವನ ಬೋರ್‌ವೆಲ್‌ಗೆ ಸೋಲಾರ್ ಕೂರಿಸಿದವನು ನಾನೇ. ವಾರದೊಳಗೆ ಅವಳ ಫೋನ್ ಬಂತು: "ಸೋಲಾರಿಗೆ ನೀರ ಸಣ್ಣಾಗೈತ್ರಿ, ಕಬ್ಬ ಒಣಗಾಕತ್ತೈತಿ."

ಹೋಗಿ ಮೋಟರು, ವೈರು ಎಲ್ಲ ನೋಡಿದೆ. ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ, ಇರುವುದೂ ಇಲ್ಲ. ಏಣಿ ಹತ್ತಿ ನೋಡಿದರೆ ಪ್ಯಾನೆಲ್ಲುಗಳ ಮೇಲೆಲ್ಲ ಅರಿಶಿನಪುಡಿ.

"ಬೀರಪ್ಪನ ಭಂಡಾರರೀ. ಹೊಸಾ ಮಷಿನ್ನಿಗೆ ದಿನಾ ಹಾರಸ್ತೀನಿ" ಎಂದಳು ಲಕ್ಕವ್ವ.

"ಯವ್ವಾ, ಬಿಸಲ ಒಳಗ ಹೋಗಾಕ ದಾರಿನ ಇಲ್ಲ. ತೊಳಿಬೇಕ್ರಿ."

"ದೇವರ ಭಂಡಾರ ನಾ ತೊಳಿಯಂಗಿಲ್ಲ."

ನಾನೇ ತೊಳೆದೆ. ಪೈಪಿನಿಂದ ನೀರು ಧುಮ್ಮಿಕ್ಕಿತು.

"ಮತ್ತ ಭಂಡಾರ ಎಲ್ಲಿ ಹಾರಸೂದ್ರಿ?"

"ಮಷಿನ್ ಕೂಡ್ರಿಸಿದವನ ಮ್ಯಾಲ ಹಾರಸ್ರಿ" ಎಂದೆ, ಧೈರ್ಯವಾಗಿ.

ಈಗ ಸರ್ವೀಸಿಗೆಂದು ಬೆಳಗಲಿಗೆ ಹೋಗುವಾಗ ನಾನು ಬಿಳಿ ಅಂಗಿ ಹಾಕುವುದಿಲ್ಲ.